ಮುಮ್ಮಡಿ ವೀರಬಲ್ಲಾಳ

ರಾಜ್ಯಗಳ ಏಳುಬೀಳುಗಳಿಗೆ ಹೊರಗಿನ ಹಗೆಗಳು ಎಷ್ಟರಮಟ್ಟಿಗೆ ಕಾರಣರೋ, ಅರಮನೆಯೊಳಗೆ ಹುಟ್ಟುವ ದಾಯಾದಿ ಕಲಹವೂ ಅಷ್ಟರಮಟ್ಟಿಗೆ ಕಾರಣವಾಗುತ್ತದೆ. ಕೌರವ ಪಾಂಡವರ ಕಥೆಯನ್ನು ಕೇಳಿ ಬೆಳೆದ ನಮ್ಮ ಜನರಿಗೆ ಈ ಮಾತು ಹೊಸದಲ್ಲ. ದೂರದ ಜಪಾನ್ ದೇಶದಲ್ಲಿಯೂ ಹೀಗೆಯೇ ನಡೆಯಿತು. ಅಲ್ಲಿ ಶೋಗನ್ ಎಂಬ ಪದವಿಯಿಂದ ನಾಡನ್ನಾಳುತ್ತಿದ್ದ ಅಶಿಕಾಗ ಯೋಶಿಮಸನ ತರುವಾಯ ಪಟ್ಟ ತಮ್ಮನಿಗೋ ಮಗನಿಗೋ ಎಂಬ ವಿವಾದವು ದೊಡ್ಡ ಸರದಾರರ ಹಗೆತನದೊಡನೆ ಬೆರೆತು, 1467ರಿಂದ 1477ರವರೆಗೆ ಹತ್ತು ವರ್ಷಗಳ ಯುದ್ಧವಾಗಿ ಉರಿದು, ರಾಜಧಾನಿಯಾದ ಕ್ಯೋಟೋ ನಗರವನ್ನು ಬೂದಿಮಾಡಿತು. ಅದಕ್ಕೂ ಇನ್ನೂರು ವರ್ಷಗಳಿಗಿಂತ ಹಿಂದೆ ನಮ್ಮ ಕನ್ನಡ ನಾಡಿನ ಹೊಯ್ಸಳ ರಾಜ್ಯವೂ ಇಂತಹದೇ ವಿವಾದಕ್ಕೆ ಸಿಕ್ಕಿ ಎರಡಾಗಿ ಒಡೆಯಿತು. ನಾಲ್ವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಒಡೆದೇ ಉಳಿದ ಆ ರಾಜ್ಯವನ್ನು ಮತ್ತೆ ಒಂದುಗೂಡಿಸಿ, ಐವತ್ತು ವರ್ಷ ಆಳಿ, ಮುಪ್ಪಿನಲ್ಲಿ ರಣರಂಗಕ್ಕಿಳಿದು ಪ್ರಾಣ ತೆತ್ತ ಅರಸನೇ ಮೂರನೆಯ ವೀರಬಲ್ಲಾಳ. ಅವನನ್ನು ಮುಮ್ಮಡಿ ಬಲ್ಲಾಳನೆಂದೂ ಕರೆಯುತ್ತಾರೆ.

ಹೊಯ್ಸಳರ ಹೆಸರನ್ನು ಕೇಳಿದೊಡನೆ ಬೇಲೂರು, ಹಳೇಬೀಡು, ಸೋಮನಾಥಪುರಗಳ ಶಿಲ್ಪವೈಭವವು ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ಮಲೆನಾಡಿನ ಸೊಸೆವೂರಿನಲ್ಲಿ ಸಣ್ಣ ಪಾಳೆಯವಾಗಿ ಹುಟ್ಟಿದ ಈ ಮನೆತನವು ವಿಷ್ಣುವರ್ಧನನ ಕಾಲದಲ್ಲಿ ಬಲವಾಯಿತು. ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಸ್ವತಂತ್ರ ಸಾಮ್ರಾಜ್ಯವಾಗಿ ಮೆರೆಯಿತು. ಇಮ್ಮಡಿ ಬಲ್ಲಾಳನ ಮಗನಾದ ಇಮ್ಮಡಿ ನರಸಿಂಹನು ಕಾವೇರಿಯ ಕೆಳಬಯಲಿಗೆ ದಂಡೆತ್ತಿ ಹೋಗಿ, ಸೆರೆಯಲ್ಲಿದ್ದ ಚೋಳ ಅರಸನನ್ನು ಬಿಡಿಸಿ, ಮರಳಿ ಸಿಂಹಾಸನದಲ್ಲಿ ಕೂರಿಸಿದನು. ಅಂದಿನಿಂದ ಹೊಯ್ಸಳರ ದೃಷ್ಟಿ ದಕ್ಷಿಣದತ್ತ ಹೆಚ್ಚಾಗಿ ಹೊರಳಿತು.

ನರಸಿಂಹನ ಮಗ ಸೋಮೇಶ್ವರನು 1235ರ ಸುಮಾರಿಗೆ ಪಟ್ಟಕ್ಕೆ ಬಂದನು. ತಮಿಳುನಾಡಿನ ಕಾವೇರಿ ತೀರವೆಂದರೆ ಅವನಿಗೆ ಬಲು ಪ್ರೀತಿ. ಶ್ರೀರಂಗಕ್ಕೆ ಸಮೀಪದಲ್ಲಿರುವ ಕಣ್ಣನೂರಿನಲ್ಲಿ ಅವನು ಅರಮನೆಯನ್ನು ಕಟ್ಟಿಸಿ, ಅದಕ್ಕೆ ವಿಕ್ರಮಪುರವೆಂದು ಹೆಸರಿಟ್ಟು, ಅಲ್ಲಿಯೇ ಹೆಚ್ಚಾಗಿ ನೆಲೆಸಿದನು. ತಾತ ಮುತ್ತಾತಂದಿರ ರಾಜಧಾನಿಯಾದ ದೋರಸಮುದ್ರವು ದೊರೆಯ ಮುಖವನ್ನು ಕಾಣುವುದು ಅಪರೂಪವಾಯಿತು. ಈಗಿನ ಹಳೇಬೀಡೇ ಅಂದಿನ ದೋರಸಮುದ್ರ. ಒಂದೇ ಅರಸನಿಗೆ ಎರಡು ರಾಜಧಾನಿಗಳಾದವು. ಬಿರುಕಿನ ಮೊದಲ ಗೆರೆ ಮೂಡಿದುದು ಹೀಗೆ.

ಸೋಮೇಶ್ವರನಿಗೆ ಬೇರೆ ಬೇರೆ ರಾಣಿಯರಲ್ಲಿ ಹುಟ್ಟಿದ ಇಬ್ಬರು ಗಂಡುಮಕ್ಕಳಿದ್ದರು. ಬಿಜ್ಜಲರಾಣಿಯ ಮಗ ನರಸಿಂಹ. ಚಾಳುಕ್ಯ ಕುಲದ ದೇವಲದೇವಿಯ ಮಗ ರಾಮನಾಥ. 1254ರ ಸುಮಾರಿನಲ್ಲಿ ರಾಜ್ಯವು ಈ ಇಬ್ಬರ ನಡುವೆ ಹಂಚಿಹೋಯಿತು. ದೋರಸಮುದ್ರವೂ ಕನ್ನಡ ನಾಡಿನ ಬಹುಭಾಗವೂ ನರಸಿಂಹನಿಗೆ ಸೇರಿದುವು. ತಮಿಳು ನಾಡುಗಳೂ, ಅವಕ್ಕೆ ಹೊಂದಿಕೊಂಡಿದ್ದ ಕೋಲಾರದ ಕಡೆಯ ಸೀಮೆಯೂ ರಾಮನಾಥನ ಪಾಲಿಗೆ ಬಂದುವು. ಗೃಹಸ್ಥನೊಬ್ಬನು ತನ್ನ ಹೊಲವನ್ನು ಮಕ್ಕಳಿಗೆ ಹಂಚಿದಂತೆ ರಾಜ್ಯವು ಹಂಚಿಹೋಯಿತು. ಆದರೆ ಹೊಲದ ನಡುವೆ ಬದು ಹಾಕಿದಷ್ಟು ಸುಲಭವಾಗಿ ರಾಜ್ಯದ ನಡುವೆ ಬದು ಹಾಕಲಾಗದು. ಗಡಿಯ ಎರಡು ಬದಿಗಳಲ್ಲಿಯೂ ಅದೇ ಮನೆತನದ ಸಾಮಂತರು, ಅದೇ ದಂಡನಾಯಕರ ಬಂಧುಗಳು, ಅದೇ ದೇವಾಲಯಗಳ ದತ್ತಿಭೂಮಿಗಳು ಇದ್ದುವು. ಪೂರ್ಣ ರಾಜ್ಯದ ಮೇಲೆ ತನಗೇ ಹಕ್ಕಿದೆಯೆಂಬ ಭಾವನೆ ಇಬ್ಬರಲ್ಲಿಯೂ ಉಳಿಯಿತು.

ಈ ಹಂಚಿಕೆಯ ಪರಿಣಾಮವನ್ನು ಅನುಭವಿಸಿದ ನಾಡುಗಳಲ್ಲಿ ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಸೀಮೆಯೂ ಒಂದು. 2007ರಲ್ಲಿ ಈ ಜಿಲ್ಲೆ ರಚಿತವಾಗುವವರೆಗೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಮೊದಲಾದ ತಾಲ್ಲೂಕುಗಳು ಕೋಲಾರ ಜಿಲ್ಲೆಗೆ ಸೇರಿದ್ದುವು. ಹೊಯ್ಸಳರ ಕಾಲದಲ್ಲಿ ಜಿಲ್ಲೆ ತಾಲ್ಲೂಕುಗಳಿರಲಿಲ್ಲ; ನಾಡುಗಳಿದ್ದುವು. ಚಿಂತಾಮಣಿಗೆ ಹತ್ತಿರದ ಕೈವಾರವು ಅಂತಹ ಒಂದು ನಾಡಿನ ಮುಖ್ಯಸ್ಥಳ. ಕುವಳಾಲ ನಾಡೆಂದರೆ ಕೋಲಾರದ ಸುತ್ತಣ ಸೀಮೆ. ಹನ್ನೊಂದನೆಯ ಶತಮಾನದಿಂದ ಚೋಳರ ಆಳ್ವಿಕೆ ಇಲ್ಲಿ ಬಹುಕಾಲ ನಡೆದುದರಿಂದ ಕನ್ನಡ ಶಾಸನಗಳ ಜೊತೆಗೆ ತಮಿಳು ಶಾಸನಗಳೂ ಈ ಭಾಗದಲ್ಲಿ ಹೇರಳವಾಗಿ ಕಾಣಸಿಗುತ್ತವೆ. ನಂದಿಯ ತಪ್ಪಲಿನಲ್ಲಿರುವ ಭೋಗನಂದೀಶ್ವರನ ಗುಡಿಯನ್ನು ನೋಡಿದರೆ ಒಂದಾದಮೇಲೊಂದರಂತೆ ಬಂದ ರಾಜಮನೆತನಗಳ ಕಾಲದ ಕೆಲಸವೆಲ್ಲ ಒಂದೇ ಅಂಗಳದಲ್ಲಿ ಕೂಡಿರುವುದು ತಿಳಿಯುತ್ತದೆ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ನದಿಗಳೂ ಈ ನಾಡಿನ ಸ್ವರೂಪವನ್ನು ಸೂಚಿಸುತ್ತವೆ. ಉತ್ತರ ಪಿನಾಕಿನಿಯು ಗೌರಿಬಿದನೂರಿನ ಮೇಲೆ ಹಾದು ಆಂಧ್ರ ದೇಶಕ್ಕೆ ಹೋಗುತ್ತದೆ. ದಕ್ಷಿಣ ಪಿನಾಕಿನಿಯು ಹೊಸೂರಿನ ಕಡೆಗೆ ಇಳಿದು ತಮಿಳು ದೇಶವನ್ನು ಸೇರುತ್ತದೆ. ಮೂರು ಭಾಷೆಗಳ ನಾಡುಗಳು ಸಂಧಿಸುವ ಈ ಎತ್ತರದ ಬಯಲು ಅಣ್ಣತಮ್ಮಂದಿರ ರಾಜ್ಯಗಳ ನಡುವಣ ಗಡಿನಾಡಾಯಿತು.

ಸೋಮೇಶ್ವರನು ಪಾಂಡ್ಯರೊಡನೆ ನಡೆದ ಹೋರಾಟದಲ್ಲಿ 1260ರ ದಶಕದ ಆರಂಭದಲ್ಲಿ ತೀರಿಕೊಂಡನು. ಅವನ ತರುವಾಯ ಮಕ್ಕಳ ವೈಮನಸ್ಯಕ್ಕೆ ತಡೆಯಿಲ್ಲದಾಯಿತು. ಇಬ್ಬರ ಸೈನ್ಯಗಳೂ ಹಲವು ಬಾರಿ ಒಂದನ್ನೊಂದು ಎದುರಿಸಿದುವು. ಒಂದೇ ಲಾಂಛನದ ಕೆಳಗೆ ಕಾದಬೇಕಾಗಿದ್ದ ವೀರರು ಇದಿರುಬದಿರಾಗಿ ನಿಂತು ಮಡಿದರು. ಹೊರಗಿನವರು ಈ ಸಂದರ್ಭವನ್ನು ಕಾಯುತ್ತಲೇ ಇದ್ದರು. 1276ರಲ್ಲಿ ಸೇವುಣರ ದಂಡನಾಯಕ ಸಾಳುವ ತಿಕ್ಕಮನು ದೋರಸಮುದ್ರದ ಸಮೀಪದವರೆಗೂ ನುಗ್ಗಿ ಬಂದನು. ಬೆಳವಾಡಿಯಲ್ಲಿ ನಡೆದ ಕಾಳಗದಲ್ಲಿ ನರಸಿಂಹನ ಪಡೆಗಳು ಅವನನ್ನು ಹಿಮ್ಮೆಟ್ಟಿಸಿದುದರಿಂದ ರಾಜಧಾನಿ ಉಳಿಯಿತು. ಇತ್ತ ದಕ್ಷಿಣದಲ್ಲಿ ಪಾಂಡ್ಯ ಕುಲಶೇಖರನು ರಾಮನಾಥನ ಮೇಲೆ ಬಿದ್ದನು. 1279ರ ಸುಮಾರಿಗೆ ಕಣ್ಣನೂರು ಕೈಬಿಟ್ಟಿತು. ತಂದೆ ಪ್ರೀತಿಯಿಂದ ಕಟ್ಟಿಸಿದ ನಗರವನ್ನು ತೊರೆದು ರಾಮನಾಥನು ಘಟ್ಟದ ಮೇಲಕ್ಕೆ ಬಂದು ಕುಂದಾಣಿಯಲ್ಲಿ ನೆಲೆಸಿದನು. ಈ ಕುಂದಾಣಿಯು ಇಂದು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಸೇರಿದೆ. ಕಾವೇರಿಯ ಬಯಲನ್ನು ಕಳೆದುಕೊಂಡ ಅರಸನಿಗೆ ಉಳಿದುದು ಕೋಲಾರ, ಬೆಂಗಳೂರು ಕಡೆಯ ನಾಡುಗಳು ಮಾತ್ರ. ಅವುಗಳಿಂದಲೇ ಅವನ ಅರಮನೆಯೂ ನಡೆಯಬೇಕು, ಸೈನ್ಯವೂ ಸಾಗಬೇಕು. ಇದರಿಂದ ಪ್ರಜೆಗಳ ಮೇಲೆ ಭಾರ ಹೆಚ್ಚಿತು. ದೇವರ ಉಂಬಳಿಯ ಭೂಮಿಗಳ ಮೇಲೂ ತೆರಿಗೆಗಳು ಬಿದ್ದಿದ್ದುವೆಂಬುದು ಮುಂದೆ ಹೊರಟ ಒಂದು ರಾಜಾಜ್ಞೆಯಿಂದ ತಿಳಿದುಬರುತ್ತದೆ.

ದೋರಸಮುದ್ರದಲ್ಲಿ ಮುಮ್ಮಡಿ ನರಸಿಂಹನು 1291ರ ಸುಮಾರಿನವರೆಗೆ ಆಳಿದನು. ಸೋಮನಾಥಪುರದ ಕೇಶವ ದೇವಾಲಯವು ಅವನ ಕಾಲದಲ್ಲಿಯೇ, 1258ರಲ್ಲಿ, ಅವನ ದಂಡನಾಯಕನಾದ ಸೋಮನಾಥನಿಂದ ನಿರ್ಮಿತವಾದುದು. ನರಸಿಂಹನ ಮಗನೇ ನಮ್ಮ ಕಥಾನಾಯಕನಾದ ಬಲ್ಲಾಳ. ಅವನ ಪಟ್ಟಾಭಿಷೇಕವು 1292ರಲ್ಲಿ ನೆರವೇರಿತು. ಅವನಿಗೆ ದೊರೆತುದು ಅರ್ಧ ರಾಜ್ಯ. ಅದರೊಡನೆ ದೊರೆತುದು ತಂದೆಯ ಕಾಲದಿಂದ ಬಂದ ಪೂರ್ಣ ಹಗೆತನ. ಹುಟ್ಟಿದಂದಿನಿಂದಲೂ ಒಡೆದ ರಾಜ್ಯವನ್ನೇ ಕಂಡು ಬೆಳೆದ ಅವನು ಈ ಒಡಕನ್ನು ಮುಚ್ಚುವುದನ್ನೇ ತನ್ನ ಮೊದಲ ಕಾರ್ಯವಾಗಿ ಇರಿಸಿಕೊಂಡನು.

ಕಾಲವೂ ಅವನಿಗೆ ಅನುಕೂಲವಾಯಿತು. 1295ರಲ್ಲಿ ರಾಮನಾಥನು ಮರಣಹೊಂದಿದನು. ಅವನ ಮಗ ವಿಶ್ವನಾಥನು ಕುಂದಾಣಿಯ ಗದ್ದುಗೆಯನ್ನೇರಿದನಾದರೂ ಅವನ ಆಳ್ವಿಕೆ ಕೆಲವೇ ವರ್ಷಗಳಲ್ಲಿ ಮುಗಿಯಿತು. 1300ರ ಸುಮಾರಿಗೆ ಕುಂದಾಣಿಯ ರಾಜ್ಯವು ಬಲ್ಲಾಳನ ವಶವಾಯಿತು. ಅಜ್ಜನ ಕಾಲದಲ್ಲಿ ಎರಡಾಗಿದ್ದ ಹೊಯ್ಸಳ ರಾಜ್ಯವು ಮೊಮ್ಮಗನ ಕಾಲದಲ್ಲಿ ಮರಳಿ ಒಂದಾಯಿತು.

ಆದರೆ ನೆಲವು ಒಂದಾದ ಮಾತ್ರಕ್ಕೆ ನಾಡು ಒಂದಾಗುವುದಿಲ್ಲ. ಕುಂದಾಣಿಯ ರಾಜ್ಯದ ಜನರು ತಲೆಮಾರಿಗಿಂತ ಹೆಚ್ಚು ಕಾಲ ರಾಮನಾಥನನ್ನೂ ಅವನ ಮಗನನ್ನೂ ತಮ್ಮ ಒಡೆಯರೆಂದು ನಂಬಿದ್ದವರು. ಅವರ ಕಣ್ಣಿಗೆ ಬಲ್ಲಾಳನು ಶತ್ರುವಿನ ಮಗನಾಗಿದ್ದನು. ಗೆದ್ದ ಅರಸನು ಸೋತ ಪಕ್ಷದ ಪ್ರಜೆಗಳನ್ನು ಹೇಗೆ ನಡೆಸಿಕೊಳ್ಳುವನೋ ಎಂಬ ಅಂಜಿಕೆ ಸಹಜವಾಗಿಯೇ ಇದ್ದಿರಬೇಕು. ಬಲ್ಲಾಳನು ಇದನ್ನು ಚೆನ್ನಾಗಿ ಅರಿತಿದ್ದನು. ಅವನ ರಾಜನೀತಿಯ ಹಿರಿಮೆ ಪ್ರಕಟವಾದುದು ಇಲ್ಲಿಯೇ.

1301ರಲ್ಲಿ ಅವನು ಒಂದು ಆಜ್ಞೆಯನ್ನು ಹೊರಡಿಸಿದನು. ಹೆಸರ ಕುಂದಾಣಿಯ ರಾಜ್ಯ, ಕುವಳಾಲ ನಾಡು, ಕೈವಾರ ನಾಡು ಮುಂತಾಗಿ ತನಗೆ ಹೊಸದಾಗಿ ಸೇರಿದ ನಾಡುಗಳನ್ನು ಒಂದೊಂದಾಗಿ ಹೆಸರಿಸಿ, ಅಲ್ಲಿಯ ಮಠಗಳ ಮತ್ತು ದೇವಸ್ಥಾನಗಳ ಮುಖ್ಯಸ್ಥರನ್ನು ಉದ್ದೇಶಿಸಿ ಬರೆಯಿಸಿದ ಆಜ್ಞೆ ಅದು. ದೇವರಿಗೆ ಬಿಟ್ಟ ಭೂಮಿಗಳ ಮೇಲೆ ಅದುವರೆಗೆ ಎತ್ತುತ್ತಿದ್ದ ಕಾಣಿಕೆ, ಸುಂಕ ಮೊದಲಾದ ತೆರಿಗೆಗಳನ್ನು ಅವನು ಮನ್ನಾ ಮಾಡಿದನು. ಆ ಭೂಮಿಗಳ ಆದಾಯದಿಂದ ಪೂಜೆ ನೈವೇದ್ಯಗಳು ತಪ್ಪದೆ ನಡೆಯಬೇಕು, ಶಿಥಿಲವಾದ ಗುಡಿಗಳು ದುರಸ್ತಿಯಾಗಬೇಕು, ಎಲ್ಲರೂ ಸುಖವಾಗಿದ್ದು ದೊರೆಗೂ ರಾಜ್ಯಕ್ಕೂ ಒಳಿತನ್ನು ಹಾರೈಸಬೇಕು ಎಂಬುದು ಆ ಆಜ್ಞೆಯ ತಾತ್ಪರ್ಯ. ಇದನ್ನು ಹಲವು ದೇವಾಲಯಗಳ ಕಲ್ಲಿನ ಮೇಲೆ ಕೆತ್ತಲಾಯಿತು. ಕನ್ನಡದ ದೊರೆಯಾದ ಬಲ್ಲಾಳನ ಈ ಆಜ್ಞೆಯು ಅಲ್ಲಿಯ ಜನಕ್ಕೆ ರೂಢಿಯಲ್ಲಿದ್ದ ತಮಿಳು ಭಾಷೆಯಲ್ಲಿದೆ.

ಇದರ ಮಹತ್ತ್ವವನ್ನು ತಿಳಿಯಬೇಕಾದರೆ ಅಂದಿನ ದೇವಾಲಯದ ಸ್ಥಾನವನ್ನು ನೆನೆಯಬೇಕು. ದೇವಾಲಯವು ಕೇವಲ ಪೂಜೆಯ ಸ್ಥಳವಾಗಿರಲಿಲ್ಲ. ಅದು ಭೂಮಿಯ ಒಡೆತನವುಳ್ಳ ಸಂಸ್ಥೆ. ಒಕ್ಕಲು ಮಕ್ಕಳಿಗೆ ದುಡಿಮೆಯನ್ನೂ, ವಾದ್ಯದವರು, ಹೂವಾಡಿಗರು, ಕುಂಬಾರರು, ಕಲ್ಲುಕುಟಿಗರಿಗೆ ಜೀವನವನ್ನೂ ಒದಗಿಸುವ ಸಂಸ್ಥೆ. ಊರಿನ ಹಿರಿಯರು ಸಭೆ ಸೇರುತ್ತಿದ್ದುದೂ, ದಾನದತ್ತಿಗಳ ಲೆಕ್ಕವನ್ನು ಕಲ್ಲಿನಲ್ಲಿ ಬರೆಯಿಸುತ್ತಿದ್ದುದೂ ಅಲ್ಲಿಯೇ. ದೇವಾಲಯಕ್ಕೆ ನೆಮ್ಮದಿ ದೊರೆತರೆ ಊರಿಗೆ ನೆಮ್ಮದಿ ದೊರೆತಂತೆ. ಸೋತವರ ನಾಡಿನಲ್ಲಿ ದಂಡುಕೂಡಿಸಿ ಭಯವನ್ನು ಹುಟ್ಟಿಸುವುದಕ್ಕೆ ಬದಲಾಗಿ ಬಲ್ಲಾಳನು ಜನರ ನಂಬಿಕೆಯ ನೆಲೆಯನ್ನೇ ಹಿಡಿದು, ಅವರ ಮನಸ್ಸನ್ನು ಒಲಿಸಿಕೊಂಡನು. ಕೈವಾರ ಕೋಲಾರಗಳ ಸೀಮೆಯು ಅನಂತರ ಅವನ ಜೀವಮಾನದ ಉದ್ದಕ್ಕೂ ಹೊಯ್ಸಳ ರಾಜ್ಯದ ಅಂಗವಾಗಿ ಉಳಿಯಿತು. ಮುಂದೆ ಉತ್ತರದಿಂದ ವಿಪತ್ತು ಬಂದಾಗ ಅವನು ಕಾಲೂರಿ ನಿಂತುದು ಈ ಪೂರ್ವದ ಮತ್ತು ದಕ್ಷಿಣದ ನಾಡುಗಳಲ್ಲಿಯೇ ಎಂಬುದನ್ನು ಗಮನಿಸಬೇಕು.

ಹೀಗೆ ತನ್ನ ಮನೆಯ ಒಡಕನ್ನು ಜಾಣ್ಮೆಯಿಂದ ಮುಚ್ಚಿದ ಬಲ್ಲಾಳನು ನೆರೆಮನೆಯ ಒಡಕನ್ನು ಕಂಡಾಗ ಬೇರೆ ರೀತಿಯಲ್ಲಿ ನಡೆದುಕೊಂಡನು. ಮಧುರೆಯ ಪಾಂಡ್ಯ ರಾಜ್ಯದಲ್ಲಿ ಕುಲಶೇಖರನಿಗೆ ಸುಂದರಪಾಂಡ್ಯ, ವೀರಪಾಂಡ್ಯ ಎಂಬ ಇಬ್ಬರು ಮಕ್ಕಳು. ತಂದೆಯು ವೀರಪಾಂಡ್ಯನ ಕಡೆಗೆ ಒಲವು ತೋರಿದನೆಂಬ ಕಾರಣದಿಂದ ಸುಂದರಪಾಂಡ್ಯನು 1310ರ ಸುಮಾರಿನಲ್ಲಿ ತಂದೆಯನ್ನೇ ಕೊಲ್ಲಿಸಿದನೆಂದು ಆ ಕಾಲದ ಪಾರಸಿ ಬರಹಗಾರರು ತಿಳಿಸುತ್ತಾರೆ. ಸೋದರರ ನಡುವೆ ಯುದ್ಧ ಹೊತ್ತಿತು. ಹೊಯ್ಸಳ ವಂಶವು ಅರ್ಧ ಶತಮಾನ ಅನುಭವಿಸಿದ ನೋವೇ ಪಾಂಡ್ಯ ವಂಶಕ್ಕೂ ಬಂದಿತು. ಚಿಕ್ಕಪ್ಪ ರಾಮನಾಥನ ಕಾಲದಲ್ಲಿ ಕಳೆದುಹೋದ ಕಾವೇರಿಯ ಬಯಲನ್ನು ಮರಳಿ ಪಡೆಯಲು ಇದೇ ತಕ್ಕ ಸಮಯವೆಂದು ಬಲ್ಲಾಳನು ಎಣಿಸಿದನು. ಸೈನ್ಯದ ಬಹುಭಾಗವನ್ನು ಕೂಡಿಕೊಂಡು ಅವನು ದಕ್ಷಿಣಕ್ಕೆ ಹೊರಟನು.

ಅದೇ ಹೊತ್ತಿಗೆ ದೆಹಲಿಯ ಸುಲ್ತಾನ ಅಲ್ಲಾವುದ್ದೀನ್ ಖಿಲ್ಜಿಯ ಸೇನಾನಿ ಮಲಿಕ್ ಕಾಫೂರನು ದಕ್ಷಿಣಾಪಥಕ್ಕೆ ಬರುತ್ತಿದ್ದನು. ದೇವಗಿರಿಯ ಸೇವುಣ ಅರಸ ರಾಮಚಂದ್ರನು ಆಗಲೇ ದೆಹಲಿಗೆ ಕಪ್ಪವನ್ನು ಒಪ್ಪಿಕೊಂಡಿದ್ದನು. ಹೊಯ್ಸಳರಿಗೂ ಸೇವುಣರಿಗೂ ಬಹುಕಾಲದ ಹಗೆತನವಿದ್ದಿತು. ಕಾಫೂರನ ದಂಡಿಗೆ ದೇವಗಿರಿಯಲ್ಲಿ ಬೇಕಾದ ಸಾಮಗ್ರಿಯೂ ದಾರಿ ತೋರುವವರೂ ದೊರೆತರು. 1311ರ ಫೆಬ್ರವರಿ ತಿಂಗಳ ಕೊನೆಯಲ್ಲಿ ದೆಹಲಿಯ ಕುದುರೆ ಪಡೆ ದೋರಸಮುದ್ರದ ಕೋಟೆಯ ಮುಂದೆ ಕಾಣಿಸಿಕೊಂಡಿತು. ರಾಜಧಾನಿಯನ್ನು ಕಾಯಬೇಕಾದ ಸೈನ್ಯವು ದೂರದ ತಮಿಳು ನಾಡಿನಲ್ಲಿದ್ದಿತು.

ಸುದ್ದಿಯನ್ನು ಕೇಳಿ ಬಲ್ಲಾಳನು ತ್ವರೆಯಿಂದ ಹಿಂದಿರುಗಿದನು. ಯಾರ ನಾಡನ್ನು ಕಸಿಯಲು ಅವನು ಹೋಗಿದ್ದನೋ ಆ ವೀರಪಾಂಡ್ಯನೇ ಈ ಸಂಕಟದಲ್ಲಿ ಅವನ ನೆರವಿಗಾಗಿ ಒಂದು ಪಡೆಯನ್ನು ಕಳುಹಿಸಿದನೆಂದು ಹೇಳಲಾಗಿದೆ. ಉತ್ತರದ ಅಪಾಯ ಒಬ್ಬನಿಗಷ್ಟೇ ಬಂದುದಲ್ಲವೆಂಬ ಅರಿವು ದಕ್ಷಿಣದ ಅರಸರಲ್ಲಿ ಆಗ ಮೂಡಿರಬೇಕು. ಆದರೆ ಕಾಲ ಮಿಂಚಿಹೋಗಿತ್ತು. ಬಲ್ಲಾಳನ ಮುಂದೆ ಎರಡು ದಾರಿಗಳಿದ್ದುವು. ಹೋರಾಡಿ ನಗರವನ್ನೂ ಜನರನ್ನೂ ನಾಶಕ್ಕೆ ಒಪ್ಪಿಸಬಹುದಾಗಿತ್ತು; ಇಲ್ಲವೇ ಮಾನಭಂಗವನ್ನು ಸಹಿಸಿಕೊಂಡು ರಾಜ್ಯವನ್ನು ಉಳಿಸಬಹುದಾಗಿತ್ತು. ಅವನು ಎರಡನೆಯದನ್ನು ಆರಿಸಿಕೊಂಡು ಸಂಧಿಗೆ ಒಪ್ಪಿದನು. ಮೂವತ್ತಾರು ಆನೆಗಳನ್ನೂ, ಕುದುರೆಗಳನ್ನೂ, ಅಪಾರವಾದ ಧನವನ್ನೂ ಕಾಫೂರನಿಗೆ ಒಪ್ಪಿಸಿದನು. ವರ್ಷವರ್ಷವೂ ಕಪ್ಪ ಕೊಡುವುದಕ್ಕೆ ಒಪ್ಪಿದನು.

ಇದಕ್ಕಿಂತಲೂ ಕಠಿಣವಾದುದು ಮುಂದಿತ್ತು. ಪಾಂಡ್ಯ ದೇಶದ ದಾರಿಯನ್ನು ಬಲ್ಲ ಬಲ್ಲಾಳನೇ ತನ್ನ ದಂಡಿಗೆ ಮಾರ್ಗದರ್ಶಕನಾಗಬೇಕೆಂದು ಕಾಫೂರನು ಒತ್ತಾಯಿಸಿದನು. ಬಲ್ಲಾಳನಿಗೆ ಬೇರೆ ಗತಿಯಿರಲಿಲ್ಲ. ಮೊನ್ನೆ ತಾನೇ ಗೆಲ್ಲಬೇಕೆಂದು ನಡೆದ ದಾರಿಯಲ್ಲಿ ಇಂದು ಪರರ ದಂಡನ್ನು ಕರೆದುಕೊಂಡು ಹೋಗಬೇಕಾಯಿತು. ಒಳಜಗಳದಿಂದ ಸೊರಗಿದ ಪಾಂಡ್ಯ ರಾಜ್ಯವು ಕಾಫೂರನ ದಾಳಿಯನ್ನು ತಡೆಯಲಾರದೆ ಕುಸಿಯಿತು. ಸುಂದರನೂ ಗೆಲ್ಲಲಿಲ್ಲ, ವೀರನೂ ಗೆಲ್ಲಲಿಲ್ಲ. ನೆರೆಯ ಜಗಳದಲ್ಲಿ ಲಾಭವನ್ನು ಹುಡುಕಿದ ಬಲ್ಲಾಳನಿಗೂ ನಷ್ಟವೇ ಉಳಿಯಿತು.

ಬಲ್ಲಾಳನ ಮಗ ವಿರೂಪಾಕ್ಷನು ದೆಹಲಿಗೆ ಹೋಗಬೇಕಾಯಿತು. ಎರಡು ವರ್ಷಗಳ ತರುವಾಯ, 1313ರಲ್ಲಿ, ರಾಜಕುಮಾರನು ಸುಖವಾಗಿ ಹಿಂದಿರುಗಿದನು. ರಾಜ್ಯದಲ್ಲಿ ಸಂತೋಷವು ತುಂಬಿತು. ಅವನು ಮರಳಿ ಬಂದ ಸಂಗತಿಯನ್ನು ಶಾಸನವೊಂದರಲ್ಲಿ ದಾಖಲಿಸಲಾಗಿದೆ. ಮರಳಿದ ಮಗನನ್ನು ಜೊತೆಯಲ್ಲಿರಿಸಿಕೊಂಡು ಬಲ್ಲಾಳನು ಹಾಳಾದ ರಾಜಧಾನಿಯನ್ನು ಮತ್ತೆ ಕಟ್ಟಿದನು, ಕೋಟೆಗಳನ್ನು ಭದ್ರಪಡಿಸಿದನು, ಗಡಿಗಳ ಸಾಮಂತರನ್ನು ಅಂಕೆಯಲ್ಲಿಟ್ಟನು. ಪಡುವಣ ಕರಾವಳಿಯ ಬಾರಕೂರಿನ ಆಳುಪ ವಂಶದೊಡನೆ ಅವನಿಗೆ ಮದುವೆಯ ನೆಂಟಸ್ತಿಕೆ ಇದ್ದಿತು. ಕಡಲಿನಿಂದ ಬರುವ ಕುದುರೆಗಳಿಗೂ ವ್ಯಾಪಾರಕ್ಕೂ ಆ ತೀರವು ಹೆಬ್ಬಾಗಿಲಾಗಿದ್ದುದರಿಂದ ಈ ಸಂಬಂಧವು ರಾಜ್ಯಕ್ಕೆ ಬಲವನ್ನು ತಂದಿತು.

ದೆಹಲಿಯಲ್ಲಿ ಖಿಲ್ಜಿ ವಂಶ ಅಳಿದು ತುಘಲಕ್ ವಂಶ ಬಂದಮೇಲೆ ವಿಪತ್ತು ಮರುಕಳಿಸಿತು. 1323ರಲ್ಲಿ ಓರುಗಲ್ಲಿನ ಕಾಕತೀಯ ರಾಜ್ಯ ಬಿದ್ದಿತು. ಮಧುರೆಯೂ ದೆಹಲಿಯ ಕೈಸೇರಿತು. ಸುಲ್ತಾನ ಮಹಮ್ಮದ್ ಬಿನ್ ತುಘಲಕನ ವಿರುದ್ಧ ಅವನ ಬಂಧುವೇ ಆದ ಬಹಾವುದ್ದೀನ್ ಗುರ್ಶಾಸ್ಪ್ ಎಂಬುವನು ದಂಗೆಯೆದ್ದು, ಸೋತು, ಕಂಪಿಲಿಯ ಅರಸ ಕಂಪಿಲದೇವನ ಮರೆಹೊಕ್ಕನು. ಮರೆಹೊಕ್ಕವನನ್ನು ಕಾಯುವುದಕ್ಕಾಗಿ ಕಂಪಿಲದೇವನು 1327ರ ಸುಮಾರಿನಲ್ಲಿ ಯುದ್ಧಮಾಡಿ ಪ್ರಾಣವನ್ನೇ ಕೊಟ್ಟನು. ಸಾಯುವ ಮುನ್ನ ಗುರ್ಶಾಸ್ಪನನ್ನು ಅವನು ಬಲ್ಲಾಳನ ಬಳಿಗೆ ಕಳುಹಿಸಿದ್ದನು. ಬೆನ್ನಟ್ಟಿ ಬಂದ ದೆಹಲಿಯ ಸೈನ್ಯಕ್ಕೆ ಬಲ್ಲಾಳನು ಅವನನ್ನು ಒಪ್ಪಿಸಿಬಿಟ್ಟನು. ಶರಣಾಗತರಕ್ಷಣೆಯ ದೃಷ್ಟಿಯಿಂದ ಈ ನಡತೆಯನ್ನು ಮೆಚ್ಚುವುದು ಕಷ್ಟ. ಕಂಪಿಲದೇವನ ಹೆಸರು ಉಳಿಯಿತು, ರಾಜ್ಯ ಅಳಿಯಿತು. ಬಲ್ಲಾಳನ ಹೆಸರಿಗೆ ಕುಂದು ಬಂದಿತು, ರಾಜ್ಯ ಕೆಲಕಾಲ ಉಳಿಯಿತು. ಆದರೂ ದೋರಸಮುದ್ರವು ಎರಡನೆಯ ಬಾರಿ ದಾಳಿಗೆ ಸಿಕ್ಕಿ ಹಾಳಾಯಿತು.

ಇಷ್ಟಾದರೂ ಬಲ್ಲಾಳನು ಧೃತಿಗೆಡಲಿಲ್ಲ. ಆಗ ಅವನ ವಯಸ್ಸು ಅರುವತ್ತನ್ನು ದಾಟಿತ್ತು. ತಾತಂದಿರ ರಾಜಧಾನಿಯನ್ನೇ ಹಿಡಿದುಕೊಂಡು ಕೂರುವುದರಿಂದ ಪ್ರಯೋಜನವಿಲ್ಲವೆಂದು ಅರಿತು, 1328ರ ಸುಮಾರಿನಿಂದ ಅವನು ಹೆಚ್ಚಾಗಿ ತಿರುವಣ್ಣಾಮಲೆಯಲ್ಲಿ ನೆಲೆಸಿದನು. ಶಾಸನಗಳು ಇದನ್ನು ಉಣ್ಣಾಮಲೆಯ ಪಟ್ಟಣವೆಂದು ಕರೆದಿವೆ. ನಂದಿಯ ಸೀಮೆಯಲ್ಲಿ ಹುಟ್ಟಿದ ದಕ್ಷಿಣ ಪಿನಾಕಿನಿಯು ಹರಿದುಹೋಗುವ ಪ್ರದೇಶವೇ ಅದು. ಒಂದು ಕಾಲದಲ್ಲಿ ದಾಯಾದಿಯ ರಾಜ್ಯವೆನಿಸಿದ್ದ ಕುಂದಾಣಿ, ಕೋಲಾರ, ಕೈವಾರದ ನಾಡುಗಳು ಈಗ ದೋರಸಮುದ್ರಕ್ಕೂ ತಿರುವಣ್ಣಾಮಲೆಗೂ ನಡುವಣ ಸೇತುವೆಯಾದುವು. 1301ರಲ್ಲಿ ಬಿತ್ತಿದ ವಿಶ್ವಾಸದ ಬೀಜವು ಈ ಕಷ್ಟಕಾಲದಲ್ಲಿ ಫಲಕೊಟ್ಟಿತು.

1334ರ ಸುಮಾರಿನಲ್ಲಿ ಮಧುರೆಯ ಅಧಿಕಾರಿ ಜಲಾಲುದ್ದೀನ್ ಅಹ್ಸನ್ ಖಾನನು ದೆಹಲಿಯ ನೊಗವನ್ನು ಕಿತ್ತೊಗೆದು ತಾನೇ ಸುಲ್ತಾನನಾದನು. ಹೀಗೆ ಹುಟ್ಟಿದ ಮಧುರೆಯ ಸುಲ್ತಾನರಿಗೂ ಬಲ್ಲಾಳನಿಗೂ ಕಾವೇರಿಯ ಸೀಮೆಗಾಗಿ ಹೋರಾಟ ಬೆಳೆಯಿತು. ಬಲ್ಲಾಳನು ಬಲವಾದ ಸೈನ್ಯವನ್ನು ಕೂಡಿಸಿದನು. ಆ ಸೈನ್ಯದಲ್ಲಿ ಸಾವಿರಾರು ಮಂದಿ ಮುಸಲ್ಮಾನ ಯೋಧರೂ ಇದ್ದರು. ಇದನ್ನು ನೋಡಿದರೆ ಅಂದಿನ ಯುದ್ಧವು ಮತಕ್ಕೂ ಮತಕ್ಕೂ ನಡೆದುದೆಂದು ಸುಲಭವಾಗಿ ಹೇಳುವಂತಿಲ್ಲ. ಅದು ಅರಸೊತ್ತಿಗೆಗೂ ನೆಲಕ್ಕೂ ಸಂಬಂಧಿಸಿದ ಹೋರಾಟವಾಗಿತ್ತು.

1342ರಲ್ಲಿ ಬಲ್ಲಾಳನು ಕಣ್ಣನೂರು ಕೊಪ್ಪದ ಕೋಟೆಯನ್ನು ಮುತ್ತಿದನು. ಅವನ ಅಜ್ಜ ಸೋಮೇಶ್ವರನು ಅರಮನೆ ಕಟ್ಟಿಸಿ ಮೆರೆದ, ಚಿಕ್ಕಪ್ಪ ರಾಮನಾಥನು ಕಳೆದುಕೊಂಡ ಕಣ್ಣನೂರೇ ಇದು. ಮುತ್ತಿಗೆ ಹಲವು ತಿಂಗಳು ನಡೆಯಿತು. ಕೋಟೆಯೊಳಗೆ ಆಹಾರ ಮುಗಿಯುತ್ತ ಬಂದಿತು. ಗೆಲುವು ಕೈಗೆ ಬರುವ ಹೊತ್ತಿನಲ್ಲಿ ಒಳಗಿದ್ದವರು ತಮ್ಮ ಸುಲ್ತಾನನ ಅಭಿಪ್ರಾಯವನ್ನು ಕೇಳಿ ತಿಳಿಸುವುದಕ್ಕೆ ಕಾಲಾವಕಾಶ ಬೇಡಿದರು. ಬಲ್ಲಾಳನು ಹದಿನಾಲ್ಕು ದಿನಗಳ ಬಿಡುವನ್ನು ಕೊಟ್ಟನು. ಈ ಸುದ್ದಿ ಮಧುರೆಯನ್ನು ಮುಟ್ಟಿತು. ಆಗ ಸುಲ್ತಾನನಾಗಿದ್ದ ಘಿಯಾಸುದ್ದೀನನು ಕೆಲವು ಸಾವಿರ ಯೋಧರೊಡನೆ ಮುನ್ಸೂಚನೆಯಿಲ್ಲದೆ ಧಾವಿಸಿ ಬಂದು ಹೊಯ್ಸಳರ ಪಾಳೆಯದ ಮೇಲೆ ಬಿದ್ದನು. ಒಪ್ಪಂದವನ್ನು ನಂಬಿ ನೆಮ್ಮದಿಯಾಗಿದ್ದ ಸೈನಿಕರ ಕುದುರೆಗಳು ಮೇವಿಗೆ ಹೋಗಿದ್ದುವು. ಬಂದವರು ಕಳ್ಳರಿರಬೇಕೆಂದು ಅವರು ಮೊದಲು ಭಾವಿಸಿದರು. ಅವರು ಎಚ್ಚತ್ತು ಅಣಿಯಾಗುವುದರೊಳಗೆ ಸೇನೆ ಚದುರಿಹೋಯಿತು.

ಎಂಬತ್ತರ ವೃದ್ಧನಾದ ಬಲ್ಲಾಳನು ಕುದುರೆಯನ್ನೇರಲು ಯತ್ನಿಸುತ್ತಿರುವಾಗ ಸೆರೆಸಿಕ್ಕಿದನು. ಹಿಡಿದವನಿಗೆ ಅವನಾರೆಂಬುದು ತಿಳಿದಿರಲಿಲ್ಲ. ಇವನೇ ದೊರೆಯೆಂದು ಬೇರೊಬ್ಬನು ಹೇಳಿದಮೇಲೆ ಸುಲ್ತಾನನ ಬಳಿಗೆ ಕರೆದೊಯ್ಯಲಾಯಿತು. ಬಿಡುಗಡೆಯ ಆಸೆಯನ್ನು ತೋರಿಸಿ, ಅವನಲ್ಲಿದ್ದ ಧನವನ್ನೂ ಆನೆ ಕುದುರೆಗಳನ್ನೂ ತರಿಸಿಕೊಂಡು, ಕೊನೆಗೆ ಮಾತಿಗೆ ತಪ್ಪಿ ಅವನನ್ನು ಕೊಲ್ಲಿಸಲಾಯಿತು. ಅವನ ಚರ್ಮವನ್ನು ಸುಲಿದು, ಹುಲ್ಲು ತುಂಬಿ, ಮಧುರೆಯ ಕೋಟೆಯ ಗೋಡೆಯ ಮೇಲೆ ತೂಗಹಾಕಿದರು. ಈ ಸಂಗತಿಗಳನ್ನೆಲ್ಲ ಬರೆದಿಟ್ಟವನು ಮೊರಾಕೋ ದೇಶದ ಪ್ರವಾಸಿ ಇಬ್ನ್ ಬತೂತ. ಅವನು ಆ ಘಿಯಾಸುದ್ದೀನನಿಗೆ ಷಡ್ಡಕನೇ ಆಗಿದ್ದನು. ಅನಂತರ ಮಧುರೆಗೆ ಬಂದು ಆ ದೃಶ್ಯವನ್ನು ಕಣ್ಣಾರೆ ಕಂಡಿದ್ದನು. ಗೆದ್ದವನ ನಂಟನ ಲೇಖನಿಯಿಂದಲೇ ಬಲ್ಲಾಳನ ಕೊನೆಯ ದಿನಗಳ ವೃತ್ತಾಂತವು ಲೋಕಕ್ಕೆ ತಿಳಿದುಬಂದಿತು.

ಬಲ್ಲಾಳನ ತರುವಾಯ ಅವನ ಮಗ ವಿರೂಪಾಕ್ಷನು ನಾಲ್ಕನೆಯ ಬಲ್ಲಾಳನೆಂಬ ಹೆಸರಿನಿಂದ ಪಟ್ಟವನ್ನೇರಿದನಾದರೂ ಮೂರು ನಾಲ್ಕು ವರ್ಷಗಳಲ್ಲಿ ಹೊಯ್ಸಳ ವಂಶದ ಆಳ್ವಿಕೆ ಮುಕ್ತಾಯವಾಯಿತು. ಆದರೆ ಅವನು ಒಂದುಗೂಡಿಸಿ ಕಾಪಾಡಿದ ನಾಡು ಚೂರುಚೂರಾಗಲಿಲ್ಲ. ಅದು ಹೆಚ್ಚುಕಡಮೆ ಇಡಿಯಾಗಿಯೇ ಹೊಸದಾಗಿ ತಲೆಯೆತ್ತಿದ ವಿಜಯನಗರಕ್ಕೆ ಸೇರಿತು. 1346ರಲ್ಲಿ ಹರಿಹರ, ಕಂಪಣ, ಬುಕ್ಕ, ಮಾರಪ್ಪ, ಮುದ್ದಪ್ಪ ಎಂಬ ಐವರು ಸೋದರರು ಶೃಂಗೇರಿಯಲ್ಲಿ ಕೂಡಿ ದತ್ತಿಯನ್ನು ಬಿಟ್ಟುದನ್ನು ಅಲ್ಲಿಯ ಶಾಸನವು ತಿಳಿಸುತ್ತದೆ. ಹೊಯ್ಸಳ ಮನೆತನದಲ್ಲಿ ಇಬ್ಬರು ಸೋದರರಿಗೆ ಸಾಲದಾದ ನಾಡು ಐವರು ಸೋದರರ ಒಗ್ಗಟ್ಟಿನಿಂದ ಮಹಾಸಾಮ್ರಾಜ್ಯದ ಬುನಾದಿಯಾಯಿತು. ಬುಕ್ಕರಾಯನ ಮಗ ಕುಮಾರ ಕಂಪಣನು ಮುಂದೆ ಮಧುರೆಯವರೆಗೂ ದಂಡೆತ್ತಿ ಹೋಗಿ ಅಲ್ಲಿಯ ಸುಲ್ತಾನರ ಆಳ್ವಿಕೆಯನ್ನು ಮುರಿದನು. ಬಲ್ಲಾಳನ ಕೊನೆಯ ಸಂಕಲ್ಪ ಹೀಗೆ ಬೇರೊಂದು ವಂಶದವರಿಂದ ಈಡೇರಿತು.

ಮುಮ್ಮಡಿ ಬಲ್ಲಾಳನು ದೋಷವಿಲ್ಲದ ಅರಸನಾಗಿರಲಿಲ್ಲ. ಪಾಂಡ್ಯರ ಗೃಹಕಲಹದಲ್ಲಿ ಲಾಭವನ್ನರಸಿ ಅವನು ತನ್ನ ರಾಜಧಾನಿಯನ್ನೇ ಅಪಾಯಕ್ಕೆ ಒಡ್ಡಿದನು; ಮರೆಹೊಕ್ಕವನನ್ನು ಕಾಯಲಿಲ್ಲ; ಶತ್ರುವಿನ ಮಾತನ್ನು ನಂಬಿ ಕೆಟ್ಟನು. ಆದರೆ ಅವನು ಸೋತಾಗಲೆಲ್ಲ ಮತ್ತೆ ಎದ್ದು ನಿಂತನು. ಐವತ್ತು ವರ್ಷಗಳ ಬಿರುಗಾಳಿಯಲ್ಲಿ ದೇವಗಿರಿ, ಓರುಗಲ್ಲು, ಕಂಪಿಲಿ, ಮಧುರೆಗಳ ಅರಸುಮನೆಗಳು ಒಂದೊಂದಾಗಿ ಉರುಳಿದರೂ ಹೊಯ್ಸಳ ರಾಜ್ಯವನ್ನು ಉರುಳಗೊಡಲಿಲ್ಲ. ಅವನ ಯುದ್ಧಗಳಲ್ಲಿ ಸೋಲೂ ಇದೆ, ಗೆಲುವೂ ಇದೆ. ಸೋಲೇ ಇಲ್ಲದ ಗೆಲುವೆಂದರೆ 1301ರ ಆ ಆಜ್ಞೆ. ದಾಯಾದಿಯ ಪ್ರಜೆಗಳನ್ನು ತನ್ನ ಪ್ರಜೆಗಳೆಂದು ಭಾವಿಸಿ, ಅವರ ನುಡಿಯಲ್ಲಿಯೇ ಅವರಿಗೆ ಅಭಯವನ್ನಿತ್ತುದು ಅವನ ಆಳ್ವಿಕೆಯ ಶ್ರೇಷ್ಠ ಕಾರ್ಯ. ಬೆಂಗಳೂರು ಕೋಲಾರಗಳ ಕಡೆಯ ಹಳೆಯ ಗುಡಿಗಳ ಗೋಡೆಗಳಲ್ಲಿಯೂ ಬಂಡೆಗಳಲ್ಲಿಯೂ ಉಳಿದಿರುವ ಶಾಸನಗಳು ನೋಡುವವರಿಗೆ ಬರಿಯ ಕಲ್ಲಿನ ಗೀಟುಗಳಾಗಿ ಕಾಣಬಹುದು. ಓದಬಲ್ಲವರಿಗ ಅವು ಒಡೆದ ಮನೆಯೊಂದು ಮತ್ತೆ ಕೂಡಿದ ಕಥೆಯನ್ನು ಹೇಳುತ್ತವೆ.